ಹಳೆಯ ಚೈನ್‌ಸಾ ಖರೀದಿ: ಅಗ್ಗದ ಬೆಲೆಗಿಂತ ಗೊತ್ತಿರುವ ದೋಷವೇ ಲೇಸು

ಮಲೆನಾಡು ಹಾಗೂ ಕೊಡಗಿನ ತಾಲ್ಲೂಕು ಕೇಂದ್ರಗಳಲ್ಲಿ ಕೃಷಿ ಯಂತ್ರೋಪಕರಣಗಳ ಮಳಿಗೆ ಅಥವಾ ದುರಸ್ತಿ ಕಾರ್ಯಾಗಾರ ನಡೆಸುವವರಿಗೆ ಚೈನ್‌ಸಾ ಅಪರಿಚಿತ ವಸ್ತುವಲ್ಲ. ಕಾಫಿ ತೋಟಗಳಲ್ಲಿ ಸಿಲ್ವರ್ ಓಕ್ ಮರಗಳ ಕಟಾವು, ಮರಗಸಿಯ ವೇಳೆ ದಪ್ಪ ಕೊಂಬೆಗಳ ಕಡಿತ, ಮುಂಗಾರಿನ ಗಾಳಿಗೆ ರಸ್ತೆಯ ಮೇಲೆ ಉರುಳಿದ ಮರಗಳ ತೆರವು, ಸಾಮಿಲ್ಲಿಗೆ ಸಾಗಿಸುವ ಮುನ್ನ ದಿಮ್ಮಿಗಳನ್ನು ತುಂಡರಿಸುವುದು ಮುಂತಾದ ಕೆಲಸಗಳಿಗೆ ಈ ಯಂತ್ರ ಅನಿವಾರ್ಯವಾಗಿದೆ. ಯಂತ್ರ ಹೆಚ್ಚಿದಂತೆ ಕೆಟ್ಟು ಮೂಲೆ ಸೇರಿದ ಯಂತ್ರಗಳೂ ಹೆಚ್ಚುವುದು ಸಹಜ. ತೋಟದ ಉಗ್ರಾಣಗಳಲ್ಲಿ, ಗುಜರಿ ಅಂಗಡಿಗಳಲ್ಲಿ, ದುರಸ್ತಿಗೆಂದು ಬಂದು ಮಾಲೀಕರು ಮರಳಿ ಒಯ್ಯದ ಸರಕಿನ ನಡುವೆ ಇಂತಹವು ಬಿದ್ದಿರುತ್ತವೆ. ಅವುಗಳನ್ನು ಕಡಿಮೆ ಬೆಲೆಗೆ ಕೊಂಡು, ಪೂರ್ತಿಯಾಗಿ ಬಿಚ್ಚಿ ಮರುಜೋಡಿಸಿ, ಚಾಲನೆಯ ಸ್ಥಿತಿಗೆ ತಂದು ಮಾರುವ ಕಸುಬು ಸಣ್ಣ ಬಂಡವಾಳದ ಯುವಕರನ್ನೂ, ಮಳಿಗೆಯ ಜೊತೆಗೆ ದುರಸ್ತಿ ವಿಭಾಗ ತೆರೆಯಬಯಸುವ ವರ್ತಕರನ್ನೂ ಆಕರ್ಷಿಸುವುದು ಸ್ವಾಭಾವಿಕ.

ಈ ಕಸುಬಿನಲ್ಲಿ ಅವಕಾಶವಿದೆ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಮೊದಲ ಯಂತ್ರದಲ್ಲಿಯೇ ಕೈ ಸುಟ್ಟುಕೊಂಡು ಹಿಂದೆ ಸರಿಯುವ ಅಪಾಯವೂ ಅಷ್ಟೇ ಇದೆ. ಅದಕ್ಕೆ ಕೌಶಲದ ಕೊರತೆಗಿಂತ ಆಯ್ಕೆಯ ದೋಷವೇ ಮುಖ್ಯ ಕಾರಣವಾಗುತ್ತದೆ. ಅಗ್ಗವೆಂಬ ಒಂದೇ ಕಾರಣಕ್ಕೆ ಕೊಂಡ ಯಂತ್ರಕ್ಕೆ ಬಿಡಿಭಾಗ ಸಿಗುವುದಿಲ್ಲ. ಸಿಕ್ಕರೂ ಅದರ ಬೆಲೆ ಯಂತ್ರದ ಬೆಲೆಯನ್ನು ಮೀರುತ್ತದೆ. ಎಲ್ಲವನ್ನೂ ಹಾಕಿದ ಮೇಲೂ ಯಂತ್ರ ಮೂರು ದಿನ ಓಡಿ ಮತ್ತೆ ನಿಲ್ಲುತ್ತದೆ. ಮೊದಲ ಖರೀದಿಗೆ ಮೂರು ಪ್ರಶ್ನೆಗಳು ಸಾಕು. ಯಂತ್ರದ ದೋಷ ಯಾವುದೆಂದು ಕೊಳ್ಳುವ ಮುನ್ನವೇ ಹೆಸರಿಸಿ ಹೇಳಲು ಸಾಧ್ಯವೇ? ಅದರ ಬಿಡಿಭಾಗ ಸಮೀಪದ ಮಾರುಕಟ್ಟೆಯಲ್ಲಿ ಲಭ್ಯವೇ? ಮಾರುವವನು ಕಾಗದ ಕೊಡಬಲ್ಲನೇ? ಈ ಮೂರಕ್ಕೂ ‘ಹೌದು’ ಎಂಬ ಉತ್ತರ ದೊರೆತ ಯಂತ್ರ ಸಾವಿರ ರೂಪಾಯಿ ಹೆಚ್ಚಾದರೂ ಲಾಭದಾಯಕ. ಒಂದಕ್ಕೆ ‘ಇಲ್ಲ’ ಎಂದಾದರೆ ಪುಕ್ಕಟೆಯಾಗಿ ಸಿಕ್ಕರೂ ಮೊದಲಿಗನಿಗೆ ಅದು ದುಬಾರಿ.

ಸರಳ ಯಂತ್ರ, ಸೂಕ್ಷ್ಮ ಸಮತೋಲನ

ಜರ್ಮನಿಯ ಆಂಡ್ರಿಯಾಸ್ ಸ್ಟಿಲ್ 1926ರಲ್ಲಿ ವಿದ್ಯುತ್‌ಚಾಲಿತ ಸರಪಳಿ ಗರಗಸವನ್ನೂ, 1929ರಲ್ಲಿ ಪೆಟ್ರೋಲ್ ಚಾಲಿತ ಗರಗಸವನ್ನೂ ತಯಾರಿಸಿದರು. ಅಮೆರಿಕದ ಜೋ ಕಾಕ್ಸ್ 1947ರಲ್ಲಿ ಮಾರುಕಟ್ಟೆಗೆ ತಂದ ಬಾಗಿದ ಹಲ್ಲಿನ ಸರಪಳಿಯೇ ಇಂದಿನ ಸರಪಳಿಗಳಿಗೆ ಮೂಲ. ಅಂದಿನಿಂದ ತೂಕ ಇಳಿದಿದೆ, ಸುರಕ್ಷತೆ ಹೆಚ್ಚಿದೆ. ಆದರೆ ಒಂದೇ ಸಿಲಿಂಡರಿನ ಎರಡು ಸ್ಟ್ರೋಕ್ ಎಂಜಿನ್ ಎಂಬ ಮೂಲ ರಚನೆ ಬದಲಾಗಿಲ್ಲ. ಈ ಎಂಜಿನ್ನಿನಲ್ಲಿ ವಾಲ್ವುಗಳಿಲ್ಲ, ಪ್ರತ್ಯೇಕ ಆಯಿಲ್ ಸಂಪ್ ಇಲ್ಲ. ಪೆಟ್ರೋಲಿನಲ್ಲಿ ಬೆರೆಸಿದ ಎಣ್ಣೆಯೇ ಪಿಸ್ಟನ್ನಿಗೂ ಬೇರಿಂಗಿಗೂ ಜೀವಾಧಾರ. ಆದ್ದರಿಂದಲೇ ಇದು ಕಲಿಯುವವನ ಕೈಗೆಟುಕುವ ಯಂತ್ರ. ಎಣ್ಣೆ ಕಡಿಮೆಯಾದರೆ ಅಥವಾ ಎಲ್ಲಿಂದಲೋ ಅಧಿಕ ಗಾಳಿ ಒಳನುಗ್ಗಿ ಇಂಧನದ ಮಿಶ್ರಣ ತೆಳುವಾದರೆ, ಕೆಲವೇ ನಿಮಿಷಗಳಲ್ಲಿ ಪಿಸ್ಟನ್ ಕಾದು ಸಿಲಿಂಡರಿಗೆ ಕಚ್ಚಿಕೊಳ್ಳುವುದೂ ಇದೇ ಸರಳತೆಯ ಇನ್ನೊಂದು ಮುಖ.

ಸೈಲೆನ್ಸರ್ ಬಿಚ್ಚದೆ ಬೆಲೆ ಹೇಳಬಾರದು

ಜಾತ್ರೆಯಲ್ಲಿ ಎತ್ತು ಕೊಳ್ಳುವ ರೈತ ಬಾಯಿ ತೆರೆಸಿ ಹಲ್ಲು ನೋಡದೆ ಬೆಲೆ ಕಟ್ಟುವುದಿಲ್ಲ. ಚೈನ್‌ಸಾದ ವಿಷಯದಲ್ಲಿ ಆ ಬಾಯಿ ಎಂದರೆ ಸೈಲೆನ್ಸರಿನ ಹಿಂದಿರುವ ಹೊಗೆದ್ವಾರ. ಬಹುತೇಕ ಮಾದರಿಗಳಲ್ಲಿ ಎರಡು ಮೂರು ಸ್ಕ್ರೂಗಳನ್ನು ತೆಗೆದರೆ ಸೈಲೆನ್ಸರ್ ಹೊರಬರುತ್ತದೆ. ಹಗ್ಗವನ್ನು ನಿಧಾನವಾಗಿ ಎಳೆಯುತ್ತಾ ಟಾರ್ಚಿನ ಬೆಳಕಿನಲ್ಲಿ ನೋಡಿದರೆ ಪಿಸ್ಟನ್ನಿನ ಮೈ ಕಾಣುತ್ತದೆ. ಮೈ ನಯವಾಗಿದ್ದು, ತಯಾರಿಕೆಯ ಕಾಲದ ಅಡ್ಡಗೆರೆಗಳು ಇನ್ನೂ ಉಳಿದಿದ್ದರೆ ಶುಭಸೂಚನೆ. ಮೇಲಿನಿಂದ ಕೆಳಕ್ಕೆ ಉದ್ದುದ್ದ ಗೀರುಗಳಿದ್ದರೆ ಎಣ್ಣೆಯಿಲ್ಲದ ಇಂಧನದಿಂದಲೋ ತೆಳು ಮಿಶ್ರಣದಿಂದಲೋ ಪಿಸ್ಟನ್ ಕಾದು ಕಚ್ಚಿದೆ ಎಂದು ತಿಳಿಯಬೇಕು. ಕಾರ್ಬ್ಯುರೇಟರ್ ಬದಿಯಲ್ಲಿ ಮೈ ಮಂಕಾಗಿ ಸವೆದಿದ್ದರೆ ಗಾಳಿಶೋಧಕದ ನಿರ್ಲಕ್ಷ್ಯದಿಂದ ದೂಳು ಒಳಹೊಕ್ಕಿರುವ ಸಾಧ್ಯತೆ ಹೆಚ್ಚು. ಸೈಲೆನ್ಸರ್ ಬಿಚ್ಚಲು ಒಪ್ಪದ ಮಾರಾಟಗಾರನಿಂದ ಯಂತ್ರ ಕೊಳ್ಳದಿರುವುದೇ ಕ್ಷೇಮ.

ಎರಡನೆಯ ಪರೀಕ್ಷೆ ಕಂಪ್ರೆಷನ್ನಿನದು. ಸ್ಪಾರ್ಕ್ ಪ್ಲಗ್ ಇರುವ ಜಾಗಕ್ಕೆ ಗೇಜ್ ತಿರುಗಿಸಿ, ಸ್ವಿಚ್ ಆರಿಸಿ, ಥ್ರಾಟಲ್ ಪೂರ್ತಿ ಒತ್ತಿ, ಮುಳ್ಳು ಏರುವುದು ನಿಲ್ಲುವವರೆಗೆ ಐದಾರು ಬಾರಿ ಹಗ್ಗ ಎಳೆಯಬೇಕು. ಮಧ್ಯಮ ಗಾತ್ರದ ಯಂತ್ರದಲ್ಲಿ 150 ಪಿಎಸ್‌ಐ ಆಸುಪಾಸು ಬಂದರೆ ಎಂಜಿನ್ ಆರೋಗ್ಯವಾಗಿದೆ. 120ರ ಆಸುಪಾಸಿನಲ್ಲಿ ರಿಂಗ್ ಸವೆದಿದೆ ಎಂದು ಲೆಕ್ಕ ಹಾಕಬಹುದು. 100ಕ್ಕಿಂತ ಕೆಳಗಿದ್ದರೆ ಪಿಸ್ಟನ್, ಸಿಲಿಂಡರ್ ಎರಡನ್ನೂ ಸಂಶಯದಿಂದ ನೋಡಬೇಕು. ಡಿಕಂಪ್ರೆಷನ್ ವಾಲ್ವ್ ಇರುವ ಮಾದರಿಗಳಲ್ಲಿ ಅದು ಮುಚ್ಚಿರಬೇಕು. ಪ್ಲಗ್ಗಿನ ರಂಧ್ರದಿಂದ ಮುಂಚಿತವಾಗಿ ಸ್ವಲ್ಪ ಎಣ್ಣೆ ಸುರಿದಿಟ್ಟರೆ ಸವೆದ ಎಂಜಿನ್ ಕೂಡ ಗೇಜಿನಲ್ಲಿ ಒಳ್ಳೆಯ ಅಂಕಿ ತೋರಿಸುತ್ತದೆ ಎಂಬುದನ್ನು ಕೊಳ್ಳುವವರು ಮರೆಯಬಾರದು. ಗೇಜ್ ಇಲ್ಲದ ಕಡೆ, ಸ್ಟಾರ್ಟರ್ ಹಿಡಿಯಿಂದ ಯಂತ್ರವನ್ನು ಮೇಲೆತ್ತಿ ನೋಡುವುದು ಹಳೆಯ ಪದ್ಧತಿ. ಕಂಪ್ರೆಷನ್ ಇರುವ ಯಂತ್ರ ತಡೆತಡೆದು ಕೆಳಗಿಳಿಯುತ್ತದೆ. ಸವೆದದ್ದು ಸರ್ರನೆ ಜಾರುತ್ತದೆ. ಇಳಿಯಲೇ ಇಲ್ಲವಾದರೆ ಕಂಪ್ರೆಷನ್ ಬಿಗಿಯಾಗಿದೆಯೋ ಪಿಸ್ಟನ್ ಸೀಜ್ ಆಗಿದೆಯೋ ಎಂಬುದನ್ನು ಪ್ಲಗ್ ತೆಗೆದು ಹಗ್ಗ ಎಳೆದು ತಿಳಿಯಬೇಕು.

ಮೂರನೆಯದು ಕ್ರ್ಯಾಂಕ್ ಬೇರಿಂಗಿನ ಪರೀಕ್ಷೆ. ಸ್ಟಾರ್ಟರ್ ಕವಚ ತೆಗೆದು ಫ್ಲೈವೀಲನ್ನು ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿದಾಗ ಲಟಲಟ ಎಂಬ ಸಡಿಲು ಕಂಡುಬಂದರೆ, ಅಥವಾ ತಿರುಗಿಸುವಾಗ ಮರಳು ಸಿಕ್ಕಿದಂತೆ ಕರಕರ ಎಂದರೆ, ಕ್ರ್ಯಾಂಕ್‌ಕೇಸ್ ಬಿಚ್ಚದೆ ಗತ್ಯಂತರವಿಲ್ಲ. ಆ ಕೆಲಸಕ್ಕೆ ವಿಶೇಷ ಸಲಕರಣೆಯೂ ಅನುಭವವೂ ಬೇಕು. ಮೊದಲ ಯೋಜನೆಗೆ ಅಂತಹ ಯಂತ್ರ ಸಲ್ಲದು.

ದೋಷಗಳ ಮೂರು ಮೆಟ್ಟಿಲು

ಮಾರಾಟಕ್ಕೆ ಬರುವ ಕೆಟ್ಟ ಯಂತ್ರಗಳನ್ನು ಸ್ಥೂಲವಾಗಿ ಮೂರು ವರ್ಗಗಳಾಗಿ ವಿಂಗಡಿಸಬಹುದು. ಕಂಪ್ರೆಷನ್ ಇದೆ, ಕಿಡಿ ಇದೆ, ಆದರೂ ಸ್ಟಾರ್ಟ್ ಆಗುವುದಿಲ್ಲ ಎಂಬುದು ಮೊದಲ ವರ್ಗ. ಒಂದು ಹಂಗಾಮು ಕೆಲಸ ಮಾಡಿ, ಟ್ಯಾಂಕಿನಲ್ಲಿ ಪೆಟ್ರೋಲ್ ಬಿಟ್ಟು ಮೂಲೆಗಿಟ್ಟ ಯಂತ್ರಗಳು ಸಾಮಾನ್ಯವಾಗಿ ಈ ಗುಂಪಿಗೆ ಸೇರುತ್ತವೆ. ಕಾರ್ಬ್ಯುರೇಟರಿನ ಡಯಾಫ್ರಮ್ ಗಡುಸಾಗಿರುತ್ತದೆ, ಇಂಧನದ ಪೈಪು ಬಿರುಕು ಬಿಟ್ಟಿರುತ್ತದೆ, ಟ್ಯಾಂಕಿನೊಳಗಿನ ಫಿಲ್ಟರ್ ಕಟ್ಟಿಕೊಂಡಿರುತ್ತದೆ. ಪಿಸ್ಟನ್ ಗೀರಿದ್ದರೂ ಸಿಲಿಂಡರ್ ಉಳಿದಿರುವ ಯಂತ್ರಗಳು ಎರಡನೆಯ ವರ್ಗ. ಕ್ರ್ಯಾಂಕ್, ಬೇರಿಂಗ್ ಅಥವಾ ಕವಚವೇ ಕೆಟ್ಟವು ಮೂರನೆಯ ವರ್ಗ.

ಮೊದಲಿಗನು ಮೊದಲ ವರ್ಗದಿಂದ ಆರಂಭಿಸಿ, ಎರಡನೆಯದಕ್ಕೆ ಏರಿ, ಕೈ ಪಳಗಿದ ಮೇಲಷ್ಟೇ ಮೂರನೆಯದರ ಗೊಡವೆಗೆ ಹೋಗುವುದು ವಿವೇಕ. ‘ಪೂರ್ತಿ ಸತ್ತ ಯಂತ್ರವೇ ಹೆಚ್ಚು ಕಲಿಸುತ್ತದೆ’ ಎಂದು ವಾದಿಸುವವರಿದ್ದಾರೆ. ಕಲಿಕೆಯ ದೃಷ್ಟಿಯಿಂದ ಅದರಲ್ಲಿ ಸತ್ಯಾಂಶವಿದೆ. ಆದರೆ ಬ್ಯಾಂಕಿನ ಕಂತು ಕಟ್ಟಬೇಕಾದ ಕಾರ್ಯಾಗಾರಕ್ಕೆ ಕಲಿಕೆಯೂ ಒಂದು ವೆಚ್ಚವೇ. ಐದು ದೋಷಗಳು ಒಟ್ಟಿಗಿರುವ ಯಂತ್ರದಲ್ಲಿ ಯಾವ ಬದಲಾವಣೆಯಿಂದ ಯಾವ ಪರಿಣಾಮವಾಯಿತೆಂದು ತಿಳಿಯುವುದೇ ಇಲ್ಲ. ಒಂದು ದೋಷವಿರುವ ಯಂತ್ರ ಒಂದು ಪಾಠವನ್ನಾದರೂ ಸ್ಪಷ್ಟವಾಗಿ ಕಲಿಸುತ್ತದೆ. ಇನ್ನೊಬ್ಬರು ಬಿಚ್ಚಿ, ಭಾಗಗಳನ್ನು ಗೋಣಿಚೀಲಕ್ಕೆ ತುಂಬಿಟ್ಟ ಯಂತ್ರವನ್ನಂತೂ ಆರಂಭದಲ್ಲಿ ಮುಟ್ಟಲೇಬಾರದು. ಅದರಲ್ಲಿ ಕಾಣೆಯಾದ ಸಣ್ಣಪುಟ್ಟ ಸ್ಕ್ರೂ, ರಬ್ಬರ್, ಕ್ಲಿಪ್ಪುಗಳ ಬೆಲೆಯನ್ನು ಕೂಡಿಸಿದಾಗಲೇ ಅಗ್ಗದ ಅರ್ಥ ತಿಳಿಯುತ್ತದೆ.

ಎರಡನೆಯ ವರ್ಗದ ಯಂತ್ರದಲ್ಲಿ ನಿರ್ಣಾಯಕವಾದುದು ಸಿಲಿಂಡರಿನ ಒಳಮೈ. ಅಲ್ಯೂಮಿನಿಯಂ ಸಿಲಿಂಡರಿಗೆ ಕ್ರೋಮಿಯಂ ಅಥವಾ ನಿಕಲ್ ಮಿಶ್ರಣದ ಗಟ್ಟಿ ಲೇಪನವಿರುತ್ತದೆ. ಪಿಸ್ಟನ್ ಕಚ್ಚಿದಾಗ ಬಹಳಷ್ಟು ಬಾರಿ ಪಿಸ್ಟನ್ನಿನ ಅಲ್ಯೂಮಿನಿಯಂ ಕರಗಿ ಈ ಲೇಪನದ ಮೇಲೆ ಅಂಟಿಕೊಂಡಿರುತ್ತದೆ, ಲೇಪನ ಹಾಳಾಗಿರುವುದಿಲ್ಲ. ಅಂಟಿದ ಲೋಹವನ್ನು ಹೈಡ್ರೋಕ್ಲೋರಿಕ್ ಆಮ್ಲದಿಂದ ಜಾಗರೂಕವಾಗಿ ಕರಗಿಸಿ ತೆಗೆಯಬಹುದು. ಕೈಗವಸು, ಕನ್ನಡಕ ಧರಿಸಿ, ಬಯಲು ಗಾಳಿಯಲ್ಲಿ, ಲೇಪನವಿಲ್ಲದ ಜಾಗಕ್ಕೆ ಆಮ್ಲ ತಗುಲದಂತೆ ಈ ಕೆಲಸ ಮಾಡಬೇಕು. ಇಲ್ಲವಾದರೆ ಆಮ್ಲ ಸಿಲಿಂಡರನ್ನೇ ತಿನ್ನುತ್ತದೆ. ಶುಚಿಗೊಳಿಸಿದ ಮೇಲೆ ಉಗುರಿನಿಂದ ಸವರಿದಾಗ ಗೀರು ಸಿಕ್ಕಿಕೊಳ್ಳದಿದ್ದರೆ ಹೊಸ ಪಿಸ್ಟನ್, ರಿಂಗ್ ಸಾಕು. ಲೇಪನವೇ ಕಿತ್ತುಹೋಗಿದ್ದರೆ ಸಿಲಿಂಡರ್ ಬದಲಿಸದೆ ವಿಧಿಯಿಲ್ಲ. ಆಗ ಖರ್ಚಿನ ಲೆಕ್ಕವೇ ಬೇರೆಯಾಗುತ್ತದೆ.

ಪಿಸ್ಟನ್ ಏಕೆ ಕಚ್ಚಿತು ಎಂಬುದನ್ನು ಪತ್ತೆ ಹಚ್ಚದೆ ಹೊಸ ಪಿಸ್ಟನ್ ಹಾಕುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ. ಕ್ರ್ಯಾಂಕಿನ ಆಯಿಲ್ ಸೀಲ್ ಸೋರುತ್ತಿದ್ದರೆ, ಕಾರ್ಬ್ಯುರೇಟರ್ ಹಾಗೂ ಸಿಲಿಂಡರಿನ ನಡುವಿನ ರಬ್ಬರ್ ಕೊಳವೆ ಸೀಳಿದ್ದರೆ, ಹೊಸ ಪಿಸ್ಟನ್ ಕೂಡ ಹಳೆಯದರ ದಾರಿಯನ್ನೇ ಹಿಡಿಯುತ್ತದೆ. ಆದ್ದರಿಂದ ಸೀಲು, ಕೊಳವೆ, ಡಯಾಫ್ರಮ್, ಇಂಧನ ಪೈಪುಗಳ ವೆಚ್ಚವನ್ನು ಖರೀದಿಯ ದಿನವೇ ಲೆಕ್ಕಕ್ಕೆ ಸೇರಿಸಬೇಕು.

ಮಾದರಿಯ ಆಯ್ಕೆ

ಎಲ್ಲ ಯಂತ್ರಗಳೂ ಬಿಚ್ಚಲು ಸಮಾನವಾಗಿ ಅನುಕೂಲವಲ್ಲ. ಸ್ಟಿಲ್ ಕಂಪನಿಯ ಎಂಎಸ್ 180 (31.8 ಸಿಸಿ), ಎಂಎಸ್ 250 (45.4 ಸಿಸಿ) ಮುಂತಾದ ಹಗುರ ಯಂತ್ರಗಳಲ್ಲಿ ಎಂಜಿನ್ ಪೂರ್ತಿಯಾಗಿ ಹೊರಬಂದ ಮೇಲಷ್ಟೇ ಸಿಲಿಂಡರ್ ಬಿಡಿಸಲು ಸಾಧ್ಯ, ಮರುಜೋಡಣೆಯಲ್ಲಿ ಸಿಲಿಂಡರ್ ಹಾಗೂ ತಳಭಾಗದ ನಡುವೆ ಸೀಲಿಂಗ್ ಪೇಸ್ಟನ್ನು ಸರಿಯಾಗಿ ಹಚ್ಚದಿದ್ದರೆ ಗಾಳಿ ಸೋರಿಕೆ ಖಂಡಿತ. ವೃತ್ತಿಪರ ಬಳಕೆಯ ಯಂತ್ರಗಳಾದ ಸ್ಟಿಲ್ ಎಂಎಸ್ 381 (72.2 ಸಿಸಿ), ಹಸ್ಕ್‌ವರ್ನಾ 365 ಮುಂತಾದವುಗಳಲ್ಲಿ ನಾಲ್ಕು ಸ್ಕ್ರೂ ತೆಗೆದರೆ, ಕ್ರ್ಯಾಂಕ್‌ಕೇಸ್ ಮುಟ್ಟದೆಯೇ ಸಿಲಿಂಡರ್ ಮೇಲಕ್ಕೆ ಬರುತ್ತದೆ. ಪಿಸ್ಟನ್ ಬದಲಿಸುವ ಮೊದಲ ಪ್ರಯತ್ನಕ್ಕೆ ಎರಡನೆಯ ವಿಧವೇ ಸುಲಭ. ಮರುಮಾರಾಟದ ಬೆಲೆಯೂ ಅದಕ್ಕೇ ಹೆಚ್ಚು. ಕೇವಲ ಇಂಧನ ವ್ಯವಸ್ಥೆಯ ದೋಷವಿದ್ದಲ್ಲಿ ಹಗುರ ಯಂತ್ರವೂ ಸೂಕ್ತವೇ.

ಒಂದೇ ಸಂಖ್ಯೆಯ ಮಾದರಿಯೊಳಗೂ ವ್ಯತ್ಯಾಸಗಳಿರುತ್ತವೆ ಎಂಬುದು ಗಮನಾರ್ಹ. ಹಸ್ಕ್‌ವರ್ನಾ 365ರ ಹಳೆಯ ಯಂತ್ರ 65.1 ಸಿಸಿಯದು; ಅದೇ ಸಂಖ್ಯೆಯ, ಎಕ್ಸ್-ಟಾರ್ಕ್ ಎಂಬ ನಂತರದ ಯಂತ್ರ 70.7 ಸಿಸಿಯದು. ಒಂದರ ಪಿಸ್ಟನ್ ಇನ್ನೊಂದಕ್ಕೆ ಹೊಂದುವುದಿಲ್ಲ. ಬಿಡಿಭಾಗಕ್ಕೆ ಹಣ ಕಟ್ಟುವ ಮುನ್ನ ಯಂತ್ರದ ಕ್ರಮಸಂಖ್ಯೆ ಹಾಗೂ ಸಿಲಿಂಡರಿನ ವ್ಯಾಸವನ್ನು ಖಚಿತಪಡಿಸಿಕೊಳ್ಳಬೇಕು. ಸ್ಟಿಲ್‌ನ ಎಂ-ಟ್ರಾನಿಕ್, ಹಸ್ಕ್‌ವರ್ನಾದ ಆಟೋಟ್ಯೂನ್ ಮುಂತಾದ, ವಿದ್ಯುನ್ಮಾನ ನಿಯಂತ್ರಣದ ಕಾರ್ಬ್ಯುರೇಟರ್ ಇರುವ ಯಂತ್ರಗಳನ್ನು ಆರಂಭಿಕರು ಬಿಡುವುದು ಒಳಿತು. ಅವುಗಳ ದೋಷ ಪತ್ತೆಗೆ ಕಂಪನಿಯ ಸಾಧನಗಳೇ ಬೇಕಾಗುತ್ತವೆ.

ಹೊಸ ಚೀನಾ ಯಂತ್ರಗಳು ಅಗ್ಗವಾಗಿ ದೊರೆಯುವಾಗ ಹಳೆಯದರ ಗೋಜು ಏಕೆಂಬ ಪ್ರಶ್ನೆ ಸಹಜ. 52 ಮತ್ತು 58 ಸಿಸಿಯ ಈ ಯಂತ್ರಗಳು ಕಲಿಕೆಗೆ ಅನುಕೂಲವೆಂಬುದು ನಿಜ, ಬಿಡಿಭಾಗಗಳೂ ಅಗ್ಗ. ಆದರೆ ಹೊಸದರ ಬೆಲೆಯೇ ಕಡಿಮೆಯಿರುವುದರಿಂದ ದುರಸ್ತಿ ಮಾಡಿದ ಯಂತ್ರಕ್ಕೆ ಬೆಲೆ ಹುಟ್ಟುವುದಿಲ್ಲ. ತಯಾರಿಕೆಯ ಗುಣಮಟ್ಟವೂ ಒಂದರಿಂದ ಇನ್ನೊಂದಕ್ಕೆ ಬದಲಾಗುತ್ತಿರುತ್ತದೆ. ಅಭ್ಯಾಸಕ್ಕೆ ಸರಿ, ವ್ಯಾಪಾರಕ್ಕೆ ಅಷ್ಟಾಗಿ ಒದಗದು. ಅದಕ್ಕಿಂತ, ಸ್ಥಳೀಯವಾಗಿ ಹೆಚ್ಚು ಬಳಕೆಯಲ್ಲಿರುವ ಒಂದೇ ಮಾದರಿಯನ್ನು ನಿಶ್ಚಯಿಸಿಕೊಂಡು, ಅದೇ ಮಾದರಿಯ ಇನ್ನೊಂದು ಕೆಟ್ಟ ಯಂತ್ರವನ್ನು ಭಾಗಗಳಿಗಾಗಿ ಕೊಂಡಿಟ್ಟುಕೊಳ್ಳುವುದು ಜಾಣತನ. ಹತ್ತು ಬಗೆಯ ಯಂತ್ರಗಳ ಒಂದೊಂದು ಭಾಗ ಕೂಡಿಡುವುದಕ್ಕಿಂತ ಒಂದು ಬಗೆಯ ಹತ್ತು ಭಾಗ ಕೂಡಿಟ್ಟ ಅಂಗಡಿಯೇ ಬೇಗ ಕೆಲಸ ಮುಗಿಸಿಕೊಡಬಲ್ಲದು.

ಎಥನಾಲ್ ತಂದ ಬದಲಾವಣೆ

ಶೇ. 20ರಷ್ಟು ಎಥನಾಲ್ ಬೆರೆತ ಪೆಟ್ರೋಲಿನ ಮಾರಾಟಕ್ಕೆ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿಯೇ ಚಾಲನೆ ದೊರೆಯಿತು. 2025ರ ವೇಳೆಗೆ ದೇಶ ಶೇ. 20ರ ಮಿಶ್ರಣದ ಗುರಿ ತಲುಪಿತು. ಕಬ್ಬು ಬೆಳೆಗಾರರಿಗೂ ಸಕ್ಕರೆ ಉದ್ಯಮಕ್ಕೂ ಇದರಿಂದ ಲಾಭವಿದೆ. ಸಣ್ಣ ಎರಡು ಸ್ಟ್ರೋಕ್ ಎಂಜಿನ್ನುಗಳ ದುರಸ್ತಿಗಾರರು ಮಾತ್ರ ಎಚ್ಚರ ವಹಿಸಬೇಕು. ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ. ಬಹುಕಾಲ ಟ್ಯಾಂಕಿನಲ್ಲಿ ಉಳಿದರೆ ನೀರಿನೊಂದಿಗೆ ಬೇರ್ಪಟ್ಟು ತಳಕ್ಕಿಳಿಯುತ್ತದೆ. ಹಳೆಯ ರಬ್ಬರ್ ಪೈಪು, ಡಯಾಫ್ರಮ್‌ಗಳನ್ನು ಅದು ಬೇಗ ಕೆಡಿಸುತ್ತದೆ. ಅದೇ ಕಾರ್ಬ್ಯುರೇಟರ್ ಹೊಂದಾಣಿಕೆಯಲ್ಲಿ ಮಿಶ್ರಣವನ್ನೂ ತೆಳುವಾಗಿಸುತ್ತದೆ. ಮಲೆನಾಡಿನ ಆರ್ದ್ರ ಹವೆಯಲ್ಲಿ ಈ ಪರಿಣಾಮ ಹೆಚ್ಚು.

ಆದುದರಿಂದ ಪುನರ್ಜೋಡಣೆಯಲ್ಲಿ ಇಂಧನ ಪೈಪು, ಫಿಲ್ಟರ್ ಮತ್ತು ಡಯಾಫ್ರಮ್‌ಗಳನ್ನು ನೋಡಲು ಚೆನ್ನಾಗಿದ್ದರೂ ಬದಲಿಸುವುದು, ಹೊಸ ಇಂಧನಕ್ಕೆ ತಕ್ಕಂತೆ ಕಾರ್ಬ್ಯುರೇಟರನ್ನು ಮರುಹೊಂದಿಸುವುದು ಇಂದು ಅಗತ್ಯ. ಎಣ್ಣೆಯ ಪ್ರಮಾಣವನ್ನೂ ಗ್ರಾಹಕರಿಗೆ ಸ್ಪಷ್ಟವಾಗಿ ತಿಳಿಸಬೇಕು. ಒಳ್ಳೆಯ ದರ್ಜೆಯ 2ಟಿ ಎಣ್ಣೆಯಾದರೆ ಲೀಟರ್ ಪೆಟ್ರೋಲಿಗೆ 20 ಮಿಲಿಲೀಟರ್, ಅಂದರೆ 1:50 ಪ್ರಮಾಣ, ಹೆಚ್ಚಿನ ಕಂಪನಿಗಳು ಸೂಚಿಸುವಂಥದ್ದು. ‘ಕಣ್ಣಂದಾಜಿನಲ್ಲಿ ಸುರಿದರಾಯಿತು’ ಎಂಬ ಅಭ್ಯಾಸವೇ ಅನೇಕ ಯಂತ್ರಗಳನ್ನು ಗುಜರಿಗೆ ತಳ್ಳುತ್ತದೆ.

ಬೆಲೆ ಕಟ್ಟುವ ಕ್ರಮ

ಮಾರುವವನು ಹೇಳಿದ ಬೆಲೆಯಿಂದ ಚೌಕಾಸಿ ಆರಂಭಿಸುವುದು ರೂಢಿ. ದುರಸ್ತಿಗಾರನು ಲೆಕ್ಕವನ್ನು ಇನ್ನೊಂದು ತುದಿಯಿಂದ ಆರಂಭಿಸಬೇಕು. ಅದೇ ಮಾದರಿಯ, ಚೆನ್ನಾಗಿ ಓಡುವ ಹಳೆಯ ಯಂತ್ರ ಎಷ್ಟಕ್ಕೆ ಮಾರಾಟವಾದೀತು ಎಂಬುದೇ ಮೊದಲ ಅಂಕಿ. ಲೆಕ್ಕದ ರೀತಿಯನ್ನಷ್ಟೇ ತೋರಿಸಲು, ಅದು 18,000 ರೂಪಾಯಿ ಎಂದು ಭಾವಿಸಬಹುದು. ಪಿಸ್ಟನ್, ಸೀಲು, ಡಯಾಫ್ರಮ್, ಪೈಪು, ಬಾರ್, ಚೈನ್ ಸೇರಿ ಬಿಡಿಭಾಗಕ್ಕೆ 7,000. ಎರಡು ದಿನದ ದುಡಿಮೆಗೆ 2,000. ಅನಿರೀಕ್ಷಿತ ವೆಚ್ಚಕ್ಕೆ ಬಿಡಿಭಾಗದ ಕಾಲುಪಾಲು 1,750. ನ್ಯಾಯವಾದ ಲಾಭ 2,500. ಒಟ್ಟು 13,250. ಉಳಿಯುವ 4,750 ರೂಪಾಯಿಯೇ ಖರೀದಿಯ ಗರಿಷ್ಠ ಮಿತಿ. ಮಾರುವವನು 7,000ಕ್ಕೆ ಪಟ್ಟು ಹಿಡಿದರೆ ಎರಡು ದಿನದ ಬೆವರಿಗೆ ದಕ್ಕುವ ಲಾಭ ಕೇವಲ 250 ರೂಪಾಯಿ. ಸ್ವಂತ ದುಡಿಮೆಗೆ ಬೆಲೆ ಕಟ್ಟದಿರುವುದು ಸಣ್ಣ ಉದ್ಯಮಿಗಳ ಹಳೆಯ ದೌರ್ಬಲ್ಯ. ಈ ಕಸುಬಿನಲ್ಲಿ ಆ ದೌರ್ಬಲ್ಯವೇ ಬಂಡವಾಳವನ್ನು ನುಂಗುತ್ತದೆ.

ಬಾರ್, ಚೈನ್, ಸ್ಪ್ರಾಕೆಟ್‌ಗಳು ಸವೆಯುವ ಭಾಗಗಳು. ಹೊಸ ಬಾರ್ ಹಾಕಿ ಹೊಳೆಯುವಂತೆ ಮಾಡಿದ ಯಂತ್ರಕ್ಕೆ ಮರುಳಾಗದೆ, ಹಳೆಯ ಬಾರ್ ಇದೆಯೆಂದು ಒಳ್ಳೆಯ ಎಂಜಿನ್ನನ್ನು ಕೈಬಿಡದೆ, ಅವುಗಳ ಬೆಲೆಯನ್ನು ಪ್ರತ್ಯೇಕವಾಗಿ ಕೂಡಿಸಿ ಕಳೆಯುವುದೇ ಸರಿ.

ಕಾಗದಪತ್ರದ ಮಹತ್ವ

ಚೈನ್‌ಸಾ ಸುಲಭವಾಗಿ ಕೈ ಬದಲಾಯಿಸುವ ವಸ್ತು. ಕಳವಾದ ಯಂತ್ರವೂ ಕೆಟ್ಟ ಯಂತ್ರದ ವೇಷದಲ್ಲಿ ಮಾರುಕಟ್ಟೆಗೆ ಬರಬಹುದು. ಕಳವಿನ ಮಾಲೆಂದು ತಿಳಿದೂ ಕೊಳ್ಳುವುದು ಭಾರತೀಯ ನ್ಯಾಯ ಸಂಹಿತೆ, 2023ರ ಅಡಿಯಲ್ಲಿ ಅಪರಾಧ. ಅರಣ್ಯ ಅಪರಾಧದಲ್ಲಿ ಬಳಸಿದ ಸಲಕರಣೆಗಳನ್ನು ವಶಪಡಿಸಿಕೊಳ್ಳಲು ಕರ್ನಾಟಕ ಅರಣ್ಯ ಅಧಿನಿಯಮ, 1963 ಅವಕಾಶ ನೀಡುತ್ತದೆ. ಪ್ರಸಿದ್ಧ ಕಂಪನಿಯ ಹೆಸರು ಅಂಟಿಸಿದ ನಕಲಿ ಯಂತ್ರವನ್ನು ಮಾರುವುದು ವ್ಯಾಪಾರ ಚಿಹ್ನೆಗಳ ಅಧಿನಿಯಮ, 1999ರ ಉಲ್ಲಂಘನೆ. ಕ್ರಮಸಂಖ್ಯೆ ಉಜ್ಜಿ ಅಳಿಸಿದ ಯಂತ್ರವನ್ನು ಎಷ್ಟೇ ಅಗ್ಗವಾದರೂ ಬಿಟ್ಟುಬಿಡಬೇಕು. ಮಾರುವವನ ಹೆಸರು, ವಿಳಾಸ, ಸಹಿ, ಯಂತ್ರದ ಕ್ರಮಸಂಖ್ಯೆ ಇರುವ ಒಂದು ರಸೀದಿ ಪಡೆಯಲು ಐದು ನಿಮಿಷ ಸಾಕು.

ತೆರಿಗೆಯ ದೃಷ್ಟಿಯಿಂದಲೂ ಆ ರಸೀದಿಗೆ ಬೆಲೆಯಿದೆ. ಬಳಸಿದ ಸರಕುಗಳ ವ್ಯಾಪಾರದಲ್ಲಿ ತೊಡಗಿದ ನೋಂದಾಯಿತ ವರ್ತಕರು, ಖರೀದಿಯ ಮೇಲೆ ಹೂಡುವಳಿ ತೆರಿಗೆ ಜಮೆ ಪಡೆಯದಿದ್ದಲ್ಲಿ, ಪೂರ್ಣ ಮಾರಾಟ ಬೆಲೆಯ ಬದಲು ಖರೀದಿ ಹಾಗೂ ಮಾರಾಟ ಬೆಲೆಗಳ ಅಂತರದ ಮೇಲಷ್ಟೇ ಜಿಎಸ್‌ಟಿ ಕಟ್ಟಲು ಕೇಂದ್ರ ಜಿಎಸ್‌ಟಿ ನಿಯಮಗಳು, 2017ರ 32(5)ನೇ ನಿಯಮದಲ್ಲಿ ಅವಕಾಶವಿದೆ. ಸರಕಿನ ಸ್ವರೂಪ ಬದಲಾಗದಂತಹ ಅಲ್ಪ ಸಂಸ್ಕರಣೆಗೆ ಮಾತ್ರ ಇದು ಅನ್ವಯಿಸುವುದರಿಂದ, ಪೂರ್ಣ ಪುನರ್ಜೋಡಣೆ ಮಾಡುವವರು ಮುಂಚಿತವಾಗಿ ತೆರಿಗೆ ಸಲಹೆಗಾರರ ಅಭಿಪ್ರಾಯ ಪಡೆಯುವುದು ಲೇಸು. ಖರೀದಿ ಬೆಲೆಗೆ ದಾಖಲೆಯೇ ಇಲ್ಲದಿದ್ದರೆ ಅಂತರವನ್ನು ಸಾಬೀತುಪಡಿಸುವುದಾದರೂ ಹೇಗೆ?

ಕೂಲಿಕಾರನ ಕೈಕಾಲಿನ ಪ್ರಶ್ನೆ

ಇಷ್ಟೆಲ್ಲ ಲಾಭನಷ್ಟದ ಮಾತಾಯಿತು. ಆದರೆ ಪುನರ್ಜೋಡಿಸಿದ ಯಂತ್ರವನ್ನು ಕೊನೆಗೆ ಹಿಡಿಯುವವನು ದಿನಗೂಲಿಯ ಕಾರ್ಮಿಕ. ಬಾರಿನ ತುದಿ ಮರಕ್ಕೆ ತಾಗಿ ಯಂತ್ರ ಹಿಂದಕ್ಕೆ ಚಿಮ್ಮಿದಾಗ ಚೈನ್ ಬ್ರೇಕ್ ಕ್ಷಣಾರ್ಧದಲ್ಲಿ ಸರಪಳಿಯನ್ನು ನಿಲ್ಲಿಸಬೇಕು. ಬ್ರೇಕಿನ ಪಟ್ಟಿ ತುಂಡಾಗಿದೆ ಎಂದು ಬಿಚ್ಚಿ ಎಸೆದ ಯಂತ್ರಗಳು, ತುಂಡಾದ ಸರಪಳಿಯನ್ನು ತಡೆಯುವ ಕೊಕ್ಕೆ ಇಲ್ಲದವು, ಥ್ರಾಟಲ್ ಲಾಕ್‌ಗೆ ತಂತಿ ಕಟ್ಟಿದವು, ಕಂಪನ ತಡೆಯುವ ರಬ್ಬರ್ ಹರಿದವು ಹಳೆಯ ಸರಕಿನಲ್ಲಿ ಕಾಣಸಿಗುತ್ತವೆ. ಖರೀದಿಯ ಸಮಯದಲ್ಲಿಯೇ ಈ ನಾಲ್ಕನ್ನೂ ಪರಿಶೀಲಿಸಿ, ಇಲ್ಲದ ಭಾಗಗಳ ಬೆಲೆಯನ್ನು ಲೆಕ್ಕಕ್ಕೆ ಹಿಡಿಯಬೇಕು. ಆ ಭಾಗಗಳು ಸಿಗದ ಯಂತ್ರವನ್ನು ಎಂಜಿನ್ ಎಷ್ಟೇ ಚೆನ್ನಾಗಿದ್ದರೂ ಬಿಡಿಭಾಗದ ಮೂಲವಾಗಿ ಮಾತ್ರ ಕೊಳ್ಳಬೇಕೇ ಹೊರತು ಮಾರಾಟಕ್ಕಲ್ಲ. ಎಂಜಿನ್ ಓಡಿದೊಡನೆ ದುರಸ್ತಿ ಮುಗಿಯಿತೆಂದು ಭಾವಿಸುವುದು ತಪ್ಪು. ಬ್ರೇಕ್ ಹಿಡಿದಾಗಲೇ ಅದು ಮುಗಿಯುವುದು.

ಆಗಬೇಕಾದುದು

ಹಳೆಯ ಯಂತ್ರಗಳ ಮಾರುಕಟ್ಟೆಯಲ್ಲಿ ನಂಬಿಕೆಯೇ ನಿಜವಾದ ಬಂಡವಾಳ. ಒಳ್ಳೆಯ ಯಂತ್ರ ಯಾವುದು, ಬಣ್ಣ ಬಳಿದದ್ದು ಯಾವುದು ಎಂದು ಗ್ರಾಹಕನಿಗೆ ತಿಳಿಯದಿದ್ದರೆ ಅವನು ಎಲ್ಲದಕ್ಕೂ ಕಡಿಮೆ ಬೆಲೆಯನ್ನೇ ಹೇಳುತ್ತಾನೆ. ಆಗ ಪ್ರಾಮಾಣಿಕ ದುರಸ್ತಿಗಾರನಿಗೆ ಅವನ ಶ್ರಮದ ಬೆಲೆ ದಕ್ಕುವುದಿಲ್ಲ. ಇದಕ್ಕೆ ಪರಿಹಾರ ದೊಡ್ಡ ಕಾನೂನಿನಲ್ಲಿಲ್ಲ, ಒಂದು ಪುಟದ ಸ್ಥಿತಿಪತ್ರದಲ್ಲಿದೆ. ಮಾರಾಟವಾಗುವ ಪ್ರತಿ ಹಳೆಯ ಯಂತ್ರದ ಜೊತೆ ಅದರ ಮಾದರಿ ಮತ್ತು ಕ್ರಮಸಂಖ್ಯೆ, ಕಂಪ್ರೆಷನ್ ಅಂಕಿ, ಪಿಸ್ಟನ್ನಿನ ಸ್ಥಿತಿ, ಬದಲಿಸಿದ ಭಾಗಗಳ ಪಟ್ಟಿ ಹಾಗೂ ಅವು ಮೂಲ ಕಂಪನಿಯವೋ ಬೇರೆಯವೋ ಎಂಬ ವಿವರ, ಚೈನ್ ಬ್ರೇಕಿನ ಪರೀಕ್ಷೆಯ ಫಲಿತಾಂಶ ಇವಿಷ್ಟನ್ನು ಬರೆದು ಸಹಿ ಮಾಡಿ ಕೊಡುವ ಪದ್ಧತಿಯನ್ನು ಆಯಾ ಊರಿನ ವರ್ತಕರೇ ಒಟ್ಟಾಗಿ ಜಾರಿಗೆ ತರಬಹುದು. ಅಂತಹ ಪತ್ರ ಕೊಡುವ ಅಂಗಡಿಯ ಯಂತ್ರಕ್ಕೆ ಗ್ರಾಹಕ ಹೆಚ್ಚು ಬೆಲೆ ಕೊಡಲು ಹಿಂಜರಿಯುವುದಿಲ್ಲ. ಮೊದಲ ಬಾರಿಗೆ ಕೊಳ್ಳುವ ದುರಸ್ತಿಗಾರನಿಗೂ ಅದೇ ಪತ್ರ ದಾರಿದೀಪವಾಗುತ್ತದೆ.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬ ಗಾದೆ ಈ ಕಸುಬಿಗೆ ಬರುವವರ ಪಾಲಿಗೆ ನಿಜವಾಗಬೇಕಿಲ್ಲ. ಒಂದು ಸ್ಕ್ರೂಡ್ರೈವರ್, ಒಂದು ಟಾರ್ಚು, ಒಂದು ಕಂಪ್ರೆಷನ್ ಗೇಜ್, ಒಂದು ರಸೀದಿ ಪುಸ್ತಕ ಇವಿಷ್ಟಿದ್ದರೆ ಮೊದಲ ಖರೀದಿಯ ಬಹುಪಾಲು ಅಪಾಯ ದೂರವಾಗುತ್ತದೆ. ಉಳಿದದ್ದನ್ನು ದುಡಿಮೆ ಕಲಿಸುತ್ತದೆ.